ನಾಲ್ಕು ವಾಟಿನ ದನಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳು ಬಹು ವಿಸ್ತಾರವಾದ ದೇಶ. ಅಟ್ಲಾಂಟಿಕ್ ಸಾಗರದ ತೀರದಿಂದ ಪೆಸಿಫಿಕ್ ಸಾಗರದ ತೀರದವರೆಗೆ ಅಲ್ಲಿನ ಹೆದ್ದಾರಿಗಳು ಸಾವಿರಾರು ಕಿಲೋಮೀಟರುಗಳ ಉದ್ದಕ್ಕೆ ಹಬ್ಬಿವೆ. ಹಣ್ಣು, ಧಾನ್ಯ, ಮರಮುಟ್ಟು, ಯಂತ್ರ ಮೊದಲಾದ ಸರಕನ್ನು ಹೇರಿಕೊಂಡ ಲಾರಿಗಳು ಹಗಲಿರುಳೆನ್ನದೆ ಆ ದಾರಿಗಳಲ್ಲಿ ಸಂಚರಿಸುತ್ತವೆ. ಅನೇಕ ವೇಳೆ ಲಾರಿಯಲ್ಲಿ ಚಾಲಕನೊಬ್ಬನೇ ಇರುತ್ತಾನೆ. ಗಂಟೆಗಟ್ಟಲೆ ಅವನ ಮಾತಿಗೆ ಮತ್ತೊಬ್ಬರು ಸಿಗುವುದಿಲ್ಲ. ಮುಂದಿನ ಕಣಿವೆಯಲ್ಲಿ ಹಿಮ ಬಿದ್ದಿದೆಯೇ, ತಿರುವಿನಾಚೆ ವಾಹನವೊಂದು ಮಗುಚಿಕೊಂಡಿದೆಯೇ ಎಂಬುದನ್ನು ಅವನು ಕಣ್ಣಿನಿಂದ ಕಂಡು ತಿಳಿಯುವಷ್ಟರಲ್ಲಿ ಅನಾಹುತ ಸಂಭವಿಸಿರಬಹುದು.

ಇಂಥ ಚಾಲಕನ ಕೈಗೆ ಎಟಕುವಂತೆ ಲಾರಿಯೊಳಗೆ ದಪ್ಪ ಪುಸ್ತಕದಷ್ಟು ಗಾತ್ರದ ಒಂದು ಪೆಟ್ಟಿಗೆಯನ್ನು ಅಳವಡಿಸಿರುತ್ತಾರೆ. ಅದಕ್ಕೆ ಸುರುಳಿ ತಂತಿಯಿಂದ ಒಂದು ಮೈಕನ್ನು ಜೋಡಿಸಿರುತ್ತಾರೆ. ಮೈಕಿನ ಗುಂಡಿಯನ್ನು ಒತ್ತಿ ಮಾತನಾಡಿದರೆ ಕೆಲವು ಕಿಲೋಮೀಟರು ದೂರದಲ್ಲಿರುವ ಮತ್ತೊಬ್ಬ ಚಾಲಕನಿಗೆ ಆ ಮಾತು ಕೇಳುತ್ತದೆ. ಗುಂಡಿಯನ್ನು ಬಿಟ್ಟೊಡನೆ ಅವನ ಉತ್ತರ ಕೇಳಿಬರುತ್ತದೆ. ಇದಕ್ಕೆ 'ಸಿಟಿಜನ್ಸ್ ಬ್ಯಾಂಡ್ ರೇಡಿಯೋ' ಎಂದು ಹೆಸರು. ಜನರು ಇದನ್ನು ಸಂಕ್ಷೇಪವಾಗಿ ಸಿ.ಬಿ. ರೇಡಿಯೋ ಎನ್ನುತ್ತಾರೆ. ನಾಗರಿಕರ ಬಳಕೆಗೆಂದೇ ಬಿಟ್ಟುಕೊಟ್ಟ ರೇಡಿಯೋ ತರಂಗಗಳ ಪಟ್ಟಿ ಎಂಬುದು ಈ ಹೆಸರಿನ ಅರ್ಥ.

ಎರಡನೆಯ ಮಹಾಯುದ್ಧ ಮುಗಿಯುವವರೆಗೆ ಎರಡು ಕಡೆಯಿಂದಲೂ ಮಾತನಾಡಬಲ್ಲ ರೇಡಿಯೋ ಸೈನ್ಯ, ಪೊಲೀಸು, ಹಡಗು, ವಿಮಾನಗಳವರ ಹಾಗೂ ಪರೀಕ್ಷೆಯಲ್ಲಿ ತೇರ್ಗಡೆಯಾದ ಹವ್ಯಾಸಿಗಳ ಸ್ವತ್ತಾಗಿತ್ತು. ಸಾಮಾನ್ಯ ನಾಗರಿಕರಿಗೂ ಇದರ ಪ್ರಯೋಜನ ದೊರೆಯಬೇಕೆಂಬ ಯೋಜನೆಯನ್ನು ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 1945ರಲ್ಲಿ ಪ್ರಕಟಿಸಿತು. ಬಾಲ್ಯದಿಂದಲೇ ರೇಡಿಯೋ ಹವ್ಯಾಸಿಯಾಗಿದ್ದ ಅಲ್ ಗ್ರಾಸ್ ಎಂಬ ತಂತ್ರಜ್ಞ ಇದಕ್ಕೆ ಬೇಕಾದ ಸಣ್ಣ ರೇಡಿಯೋಗಳನ್ನು ತಯಾರಿಸಿದವರಲ್ಲಿ ಮೊದಲಿಗ. ಆದರೆ ಆರಂಭದಲ್ಲಿ ಗೊತ್ತುಪಡಿಸಿದ ತರಂಗಗಳಿಗೆ ತಕ್ಕ ಉಪಕರಣಗಳನ್ನು ಕಟ್ಟುವುದು ದುಬಾರಿಯಾಗಿತ್ತು. ಆದುದರಿಂದ 1958ರಲ್ಲಿ 27 ಮೆಗಾಹರ್ಟ್ಸ್ ಆವೃತ್ತಿಯ ಆಸುಪಾಸಿನ ತರಂಗಗಳನ್ನು ಈ ಸೇವೆಗೆ ಕೊಡಲಾಯಿತು. ಅದನ್ನು 23 ಚಾನೆಲುಗಳಾಗಿ ಹಂಚಲಾಯಿತು.

ಹದಿನೈದು ವರ್ಷಗಳ ಕಾಲ ಸಿ.ಬಿ. ರೇಡಿಯೋ ಹೆಚ್ಚು ಸದ್ದುಮಾಡದೆ ಬೆಳೆಯಿತು. 1973ರಲ್ಲಿ ಪಶ್ಚಿಮ ಏಷ್ಯದ ತೈಲ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಮಾರುವುದನ್ನು ನಿಲ್ಲಿಸಿದಾಗ ಅಲ್ಲಿ ಪೆಟ್ರೋಲು, ಡೀಸೆಲುಗಳಿಗೆ ತೀವ್ರ ಅಭಾವವುಂಟಾಯಿತು. ಮರುವರ್ಷ ಇಂಧನದ ಉಳಿತಾಯಕ್ಕಾಗಿ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿಯನ್ನು ವಿಧಿಸಲಾಯಿತು. ಯಾವ ಬಂಕಿನಲ್ಲಿ ಡೀಸೆಲ್ ದೊರೆಯುತ್ತದೆ, ಯಾವ ತಿರುವಿನಲ್ಲಿ ಪೊಲೀಸರು ವೇಗವನ್ನು ಅಳೆಯುತ್ತಿದ್ದಾರೆ ಎಂಬ ಸುದ್ದಿಯನ್ನು ಲಾರಿ ಚಾಲಕರು ಪರಸ್ಪರ ತಿಳಿಸತೊಡಗಿದರು. ಈ ಅಭ್ಯಾಸ ಕಾರಿನವರಿಗೂ ಮನೆಯವರಿಗೂ ಹಬ್ಬಿತು. ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡರ ಪತ್ನಿ ಬೆಟ್ಟಿ ಫೋರ್ಡರು ಸಹ 1976ರಲ್ಲಿ 'ಫಸ್ಟ್ ಮಾಮಾ' ಎಂಬ ಅಡ್ಡಹೆಸರಿನಿಂದ ಸಿ.ಬಿ.ಯಲ್ಲಿ ಮಾತನಾಡಿದರು. ಬಳಸುವವರ ಸಂಖ್ಯೆ ಮಿತಿಮೀರಿದ ಕಾರಣ 1977ರ ಆರಂಭದಿಂದ ಚಾನೆಲುಗಳ ಸಂಖ್ಯೆಯನ್ನು 40ಕ್ಕೆ ಏರಿಸಲಾಯಿತು. 1983ರಲ್ಲಿ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಲೈಸೆನ್ಸು ಪಡೆಯಬೇಕೆಂಬ ನಿಯಮವನ್ನೂ ಕೈಬಿಡಲಾಯಿತು.

ಹೀಗೆ ಎಲ್ಲರಿಗೂ ತೆರೆದಿಟ್ಟ ಸೇವೆಗೆ ಒಂದು ಮುಖ್ಯ ಕಟ್ಟುಪಾಡು ಉಳಿಯಿತು. ಅದು ಶಕ್ತಿಯ ಮಿತಿ. ಸಾಮಾನ್ಯ ರೀತಿಯ ಸಿ.ಬಿ. ರೇಡಿಯೋ 4 ವಾಟಿಗಿಂತ ಹೆಚ್ಚಿನ ಶಕ್ತಿಯ ತರಂಗವನ್ನು ಹೊರಡಿಸಕೂಡದು. ಇಂದು ಮನೆಗಳಲ್ಲಿ ಬಳಸುವ 9 ವಾಟಿನ ಎಲ್‌ಇಡಿ ದೀಪಕ್ಕೆ ಬೇಕಾದ ಶಕ್ತಿಯ ಅರ್ಧದಷ್ಟೂ ಇದಲ್ಲ. ತನ್ನ ದನಿ ಇನ್ನೂ ದೂರ ಮುಟ್ಟಲಿ, ಇನ್ನೂ ಸ್ಪಷ್ಟವಾಗಿ ಕೇಳಲಿ ಎಂಬ ಆಸೆ ಬಳಕೆದಾರನಿಗೆ ಸಹಜವಾದುದು. ಇದನ್ನು ಸಾಧಿಸಲು ಜನರು ಎರಡು ಮಾರ್ಗಗಳನ್ನು ಹಿಡಿದರು. ಇರುವ ಶಕ್ತಿ ಪೋಲಾಗದಂತೆ ಉಪಕರಣವನ್ನು ಹೊಂದಿಸಿಕೊಳ್ಳುವುದು ಒಂದು ಮಾರ್ಗ. ಮಿತಿಯನ್ನು ಮೀರಿ ಶಕ್ತಿಯನ್ನು ಹೆಚ್ಚಿಸುವುದು ಮತ್ತೊಂದು.

ಮೊದಲನೆಯ ಮಾರ್ಗವನ್ನು ಅರಿಯಲು ತಂಬೂರಿಯನ್ನು ನೆನೆಯಬಹುದು. ಗಾಯಕನು ಹಾಡಲು ತೊಡಗುವ ಮುನ್ನ ತಂಬೂರಿಯ ಶ್ರುತಿಯನ್ನು ಸರಿಪಡಿಸಿಕೊಳ್ಳುತ್ತಾನೆ. ತಂತಿಯ ಉದ್ದ, ಬಿಗಿತ, ದಪ್ಪ ಇವುಗಳಿಗೆ ತಕ್ಕಂತೆ ಅದರ ಕಂಪನಸಂಖ್ಯೆ ನಿರ್ಧಾರವಾಗುತ್ತದೆ. ಶ್ರುತಿಗೂಡಿದ ತಂತಿಯನ್ನು ಬೆರಳಿನಿಂದ ಮೆಲ್ಲನೆ ಮೀಟಿದರೂ ನಾದ ತುಂಬಿ ಬರುತ್ತದೆ. ರೇಡಿಯೋದ ಆಂಟೆನಾ ಸಹ ಇಂಥದೇ ಒಂದು ತಂತಿ. ಅದರಲ್ಲಿ ಹಿಂದಕ್ಕೂ ಮುಂದಕ್ಕೂ ಓಲಾಡುವುದು ವಿದ್ಯುತ್ತು. ಆ ಓಲಾಟ ಹೊರಡಿಸಬೇಕಾದ ತರಂಗದ ಆವೃತ್ತಿಯೊಡನೆ ಹೊಂದಿಕೊಳ್ಳಬೇಕಾದರೆ ಆಂಟೆನಾದ ಉದ್ದ ಸರಿಯಾಗಿರಬೇಕು.

ಈ ಉದ್ದವನ್ನು ಲೆಕ್ಕಹಾಕುವುದು ಕಷ್ಟವಲ್ಲ. ರೇಡಿಯೋ ತರಂಗಗಳು ಬೆಳಕಿನಂತೆಯೇ ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರು ವೇಗದಲ್ಲಿ ಚಲಿಸುತ್ತವೆ. ಈ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುತ್ತದೆ. ಸಿ.ಬಿ.ಯ 20ನೆಯ ಚಾನೆಲಿನ ಆವೃತ್ತಿ 27.205 ಮೆಗಾಹರ್ಟ್ಸ್. ಅದರ ತರಂಗದೂರ ಸುಮಾರು 11 ಮೀಟರು. ಕಾರು ಅಥವಾ ಲಾರಿಯ ಮೇಲೆ ನೆಟ್ಟ ಕಡ್ಡಿಯಂಥ ಆಂಟೆನಾ ಇದರ ಕಾಲುಭಾಗದಷ್ಟು, ಎಂದರೆ ಸುಮಾರು 2.75 ಮೀಟರು ಉದ್ದವಿದ್ದರೆ ಶ್ರುತಿಗೂಡುತ್ತದೆ. ವಾಹನದ ಲೋಹದ ಮೈ ಆಂಟೆನಾದ ಉಳಿದ ಅರ್ಧದಂತೆ ವರ್ತಿಸುತ್ತದೆ. ಒಂಬತ್ತು ಅಡಿಯ ಕಡ್ಡಿಯನ್ನು ವಾಹನದ ಮೇಲೆ ನಿಲ್ಲಿಸುವುದು ಎಲ್ಲ ಸಂದರ್ಭಗಳಲ್ಲಿ ಅನುಕೂಲವಲ್ಲ. ಆದುದರಿಂದ ಗಿಡ್ಡ ಕಡ್ಡಿಗೆ ತಾಮ್ರದ ತಂತಿಯ ಸುರುಳಿಯನ್ನು ಜೋಡಿಸಿ, ವಿದ್ಯುತ್ತಿನ ಮಟ್ಟಿಗೆ ಅದು ಉದ್ದವಾಗಿರುವಂತೆ ಮಾಡುತ್ತಾರೆ. ಇದರಿಂದ ಅನುಕೂಲ ಹೆಚ್ಚಿದರೂ ತರಂಗವನ್ನು ಹೊರಡಿಸುವ ಸಾಮರ್ಥ್ಯ ಸ್ವಲ್ಪ ಕುಗ್ಗುತ್ತದೆ.

ಆಂಟೆನಾ ಶ್ರುತಿಗೂಡದಿದ್ದರೆ ಆಗುವುದೇನು? ಕೆರೆಯ ನೀರಿನಲ್ಲಿ ಎದ್ದ ಅಲೆ ಕಲ್ಲಿನ ಕಟ್ಟೆಗೆ ಬಡಿದು ಹಿಂದಿರುಗುವುದನ್ನು ಎಲ್ಲರೂ ನೋಡಿರುತ್ತಾರೆ. ಅಂತೆಯೇ ಪೆಟ್ಟಿಗೆಯಿಂದ ಕೇಬಲಿನ ಮೂಲಕ ಹೊರಟ ಶಕ್ತಿಯಲ್ಲಿ ಒಂದು ಪಾಲು ಆಂಟೆನಾದಿಂದ ಹಿಂದಿರುಗುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೇಬಲಿನಲ್ಲಿ ಕೂಡಿಕೊಂಡು ಸ್ಥಾಯೀ ತರಂಗ ಉಂಟಾಗುತ್ತದೆ. ಈ ತರಂಗದ ಅತಿ ಎತ್ತರಕ್ಕೂ ಅತಿ ತಗ್ಗಿಗೂ ಇರುವ ಅನುಪಾತವನ್ನು ಅಳೆಯುವ ಮೀಟರೊಂದು ಅಗ್ಗವಾಗಿ ದೊರೆಯುತ್ತದೆ. ಅನುಪಾತ 1 ಆದರೆ ಏನೂ ಹಿಂದಿರುಗುತ್ತಿಲ್ಲವೆಂದು ಅರ್ಥ. 1.5 ಆದರೆ ನೂರಕ್ಕೆ 4 ಪಾಲು, 2 ಆದರೆ ನೂರಕ್ಕೆ 11 ಪಾಲು, 3 ಆದರೆ ನೂರಕ್ಕೆ 25 ಪಾಲು ಶಕ್ತಿ ಹಿಂದಿರುಗುತ್ತದೆ. ಅನುಪಾತ ತೀರ ಹೆಚ್ಚಾದರೆ ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರುಗಳು ಕಾದು ಕೆಡುವ ಅಪಾಯವೂ ಉಂಟು.

ಬಲ್ಲವರು ಈ ಹೊಂದಿಕೆಯನ್ನು ಕ್ರಮವಾಗಿ ಮಾಡುತ್ತಾರೆ. ಮೊದಲು ವಾಹನವನ್ನು ಕಟ್ಟಡಗಳಿಂದಲೂ ಮರಗಳಿಂದಲೂ ದೂರವಾಗಿ ಬಯಲಿನಲ್ಲಿ ನಿಲ್ಲಿಸುತ್ತಾರೆ, ಬಾಗಿಲುಗಳನ್ನು ಮುಚ್ಚುತ್ತಾರೆ. ಪೆಟ್ಟಿಗೆಗೂ ಆಂಟೆನಾಕ್ಕೂ ನಡುವೆ ಮೀಟರನ್ನು ಜೋಡಿಸುತ್ತಾರೆ. ಯಾರೂ ಮಾತನಾಡುತ್ತಿಲ್ಲವೆಂದು ಕಿವಿಗೊಟ್ಟು ಖಚಿತಪಡಿಸಿಕೊಂಡ ಮೇಲೆಯೇ ಗುಂಡಿಯನ್ನು ಒತ್ತಿ, ಮೊದಲನೆಯ ಚಾನೆಲಿನಲ್ಲಿಯೂ ನಲವತ್ತನೆಯ ಚಾನೆಲಿನಲ್ಲಿಯೂ ಅನುಪಾತವನ್ನು ಅಳೆದು ಬರೆದುಕೊಳ್ಳುತ್ತಾರೆ. ನಲವತ್ತನೆಯ ಚಾನೆಲಿನ ತರಂಗದೂರ ಮೊದಲನೆಯದಕ್ಕಿಂತ ಕಡಿಮೆ. ಆದಕಾರಣ ನಲವತ್ತರಲ್ಲಿ ಅನುಪಾತ ಹೆಚ್ಚಾಗಿದ್ದರೆ ಆಂಟೆನಾ ಅಗತ್ಯಕ್ಕಿಂತ ಉದ್ದವಾಗಿದೆ ಎಂದು ತಿಳಿಯಬೇಕು. ಮೊದಲನೆಯದರಲ್ಲಿ ಹೆಚ್ಚಾಗಿದ್ದರೆ ಗಿಡ್ಡವಾಗಿದೆ ಎಂದು ತಿಳಿಯಬೇಕು. ಈ ಎರಡು ಚಾನೆಲುಗಳಿಗೆ ಬೇಕಾದ ಉದ್ದಗಳ ನಡುವಿನ ಅಂತರ ಸುಮಾರು ನಾಲ್ಕೂವರೆ ಸೆಂಟಿಮೀಟರು ಮಾತ್ರ. ಆದುದರಿಂದ ಕಡ್ಡಿಯ ತುದಿಯನ್ನು ಕೆಲವು ಮಿಲಿಮೀಟರುಗಳಷ್ಟು ಸರಿಸುವುದು, ಮತ್ತೆ ಅಳೆಯುವುದು, ಮತ್ತೆ ಸರಿಸುವುದು ಹೀಗೆ ತಾಳ್ಮೆಯಿಂದ ಮುಂದುವರಿಯಬೇಕು. ಎರಡು ಕೊನೆಗಳಲ್ಲಿಯೂ ಅನುಪಾತ ಸಮನಾಗಿ, ನಡುವಣ ಚಾನೆಲಿನಲ್ಲಿ ಅತಿ ಕಡಿಮೆಯಾದಾಗ ಕೆಲಸ ಮುಗಿದಂತೆ.

ಉಳಿದ ಸುಧಾರಣೆಗಳೂ ಇಷ್ಟೇ ಸರಳವಾದುವು. ಆಂಟೆನಾದ ಬುಡಕ್ಕೂ ವಾಹನದ ಲೋಹಕ್ಕೂ ನಡುವೆ ತುಕ್ಕಾಗಲಿ ಬಣ್ಣವಾಗಲಿ ಇರಬಾರದು. ಪೆಟ್ಟಿಗೆಗೆ ವಿದ್ಯುತ್ತನ್ನು ಸಾಕಷ್ಟು ದಪ್ಪನೆಯ ತಂತಿಯಿಂದ, ಫ್ಯೂಸಿನೊಡನೆ, ನೇರವಾಗಿ ಬ್ಯಾಟರಿಯಿಂದ ಪಡೆಯುವುದು ಲೇಸು. ಪೆಟ್ರೋಲು ಎಂಜಿನಿನ ಸ್ಪಾರ್ಕ್ ಪ್ಲಗ್ಗುಗಳ ಕಿಡಿಯಿಂದ ಚಟಚಟ ಸದ್ದು ಬರುತ್ತಿದ್ದರೆ ಅದಕ್ಕೆ ತಕ್ಕ ನಿರೋಧಕವುಳ್ಳ ತಂತಿಗಳನ್ನು ಹಾಕಿ ಸದ್ದನ್ನು ಅಡಗಿಸಬಹುದು. ಮನೆಯಲ್ಲಿ ಬಳಸುವವರು ಆಂಟೆನಾವನ್ನು ನಿಯಮವು ಒಪ್ಪುವಷ್ಟು ಎತ್ತರಿಸಬಹುದು. 4 ಮೀಟರು ಎತ್ತರದಿಂದ ನೋಡಿದಾಗ ಕಣ್ಣಿಗೆ ಕಾಣುವ ದಿಗಂತ ಸುಮಾರು 7 ಕಿಲೋಮೀಟರು ದೂರವಿರುತ್ತದೆ. 16 ಮೀಟರು ಎತ್ತರದಿಂದ ಅದು ಸುಮಾರು 14 ಕಿಲೋಮೀಟರು. ನೆಲದ ಉಬ್ಬು ತಡೆಯೊಡ್ಡುವ ಇಂಥ ತರಂಗಗಳಿಗೆ ಎತ್ತರವು ದೊಡ್ಡ ವರ. ಕೊನೆಯದಾಗಿ, ಮೈಕನ್ನು ಬಾಯಿಯಿಂದ ಕೆಲವು ಬೆರಳಗಲ ದೂರ ಹಿಡಿದು, ಸಾಮಾನ್ಯ ದನಿಯಲ್ಲಿ, ಸ್ಪಷ್ಟವಾಗಿ ಮಾತನಾಡುವುದನ್ನು ಕಲಿಯಬೇಕು. ಇದಕ್ಕೆ ಯಾವ ವೆಚ್ಚವೂ ಇಲ್ಲ.

ಇನ್ನು ಎರಡನೆಯ ಮಾರ್ಗ. ತಾಳ್ಮೆಯಿಲ್ಲದವರು ಪೆಟ್ಟಿಗೆಗೂ ಆಂಟೆನಾಕ್ಕೂ ನಡುವೆ ವರ್ಧಕವೊಂದನ್ನು ಸೇರಿಸಿ ನೂರಾರು ವಾಟುಗಳ ಶಕ್ತಿಯನ್ನು ಹೊರಡಿಸುತ್ತಾರೆ. ಕೆಲವರು ಪೆಟ್ಟಿಗೆಯನ್ನೇ ಬಿಚ್ಚಿ, ದನಿಯ ಏರಿಕೆಗೆ ತಡೆಯಾಗಿರುವ ಭಾಗವನ್ನು ಕತ್ತರಿಸಿ ಹಾಕುತ್ತಾರೆ. ಇದರಿಂದ ಅವರು ನೆನೆಸಿದಷ್ಟು ಲಾಭ ದೊರೆಯುವುದಿಲ್ಲವೆಂಬುದನ್ನು ಲೆಕ್ಕವೇ ತೋರಿಸಿಕೊಡುತ್ತದೆ. ರೇಡಿಯೋದ ಮೇಲೆ ಬರುವ ಸಂಕೇತದ ಬಲವನ್ನು ತೋರಿಸುವ ಮುಳ್ಳು ಒಂದು ಗುರುತಿನಷ್ಟು ಮೇಲೇರಬೇಕಾದರೆ ಶಕ್ತಿ ನಾಲ್ಕು ಪಟ್ಟು ಹೆಚ್ಚಬೇಕು. 4 ವಾಟನ್ನು 16 ವಾಟಿಗೆ ಏರಿಸಿದರೆ ಆಲಿಸುವವನ ಮುಳ್ಳು ಒಂದು ಗುರುತು ಏರುತ್ತದೆ. 400 ವಾಟಿಗೆ, ಎಂದರೆ ನೂರು ಪಟ್ಟು ಏರಿಸಿದರೂ ಮೂರು ಗುರುತುಗಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಯಾವ ಅಡ್ಡಿಯೂ ಇಲ್ಲದ ಬಯಲಿನಲ್ಲಿಯೇ ದೂರವನ್ನು ಇಮ್ಮಡಿಸಲು ನಾಲ್ಕು ಪಟ್ಟು ಶಕ್ತಿ ಬೇಕು. ಬೆಟ್ಟ, ಕಟ್ಟಡಗಳಿರುವ ನೆಲದ ಮೇಲೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಇದರಲ್ಲಿ ಇನ್ನೊಂದು ಕುಂದುಂಟು. ಶ್ರುತಿಗೂಡಿದ ಆಂಟೆನಾ ಮಾತನ್ನು ಕಳುಹಿಸುವುದಕ್ಕೂ ಮಾತನ್ನು ಪಡೆಯುವುದಕ್ಕೂ ಸಮನಾಗಿ ನೆರವಾಗುತ್ತದೆ. ವರ್ಧಕವಾದರೋ ಕಳುಹಿಸುವ ದನಿಯನ್ನು ಮಾತ್ರ ಹಿಗ್ಗಿಸುತ್ತದೆ. ಅಂಥವನ ಕೂಗು ಬಹುದೂರ ಮುಟ್ಟುತ್ತದೆ. ಅಲ್ಲಿಂದ 4 ವಾಟಿನಲ್ಲಿ ಬರುವ ಉತ್ತರ ಅವನಿಗೇ ಕೇಳಿಸುವುದಿಲ್ಲ. ಇಂಥವರನ್ನು ಅಮೆರಿಕದ ರೇಡಿಯೋ ಬಳಕೆದಾರರು ಪರಿಹಾಸ್ಯವಾಗಿ 'ಮೊಸಳೆ' ಎಂದು ಕರೆಯುತ್ತಾರೆ. ಮೊಸಳೆಗೆ ಬಾಯಿ ಬಲು ದೊಡ್ಡದು, ಕಿವಿ ಕಣ್ಣಿಗೇ ಕಾಣದು.

ದನಿಯ ತಡೆಯನ್ನು ಕಿತ್ತುಹಾಕುವುದರ ಪರಿಣಾಮ ಇನ್ನೂ ಕೆಟ್ಟದು. ರೇಡಿಯೋ ಹೊರಡಿಸುವ ವಾಹಕ ತರಂಗದ ಎತ್ತರವು ಮಾತಿಗೆ ಅನುಸಾರವಾಗಿ ಏರಿಳಿಯುತ್ತದೆ. ಈ ಏರಿಳಿತಕ್ಕೆ ಒಂದು ಮೇರೆಯಿದೆ. ಅದನ್ನು ದಾಟಿದೊಡನೆ ತರಂಗ ಇಳಿದಾಗ ಪೂರ್ತಿಯಾಗಿ ಕಡಿದುಹೋಗುತ್ತದೆ. ಹೀಗೆ ಕಡಿದ ತರಂಗದಲ್ಲಿ ಮೂಲದಲ್ಲಿಲ್ಲದ ಹೊಸ ಹೊಸ ಆವೃತ್ತಿಗಳು ಹುಟ್ಟಿಕೊಳ್ಳುತ್ತವೆ. ಜಾತ್ರೆಯ ಧ್ವನಿವರ್ಧಕವನ್ನು ಮಿತಿಮೀರಿ ಏರಿಸಿದಾಗ ಗದ್ದಲ ಹೆಚ್ಚುತ್ತದೆ, ಮಾತು ತಿಳಿಯದಾಗುತ್ತದೆ. ಇಲ್ಲಿಯೂ ಹಾಗೆಯೇ. ಸಿ.ಬಿ.ಯ ಅಕ್ಕಪಕ್ಕದ ಚಾನೆಲುಗಳ ನಡುವೆ ಸಾಮಾನ್ಯವಾಗಿ 10 ಕಿಲೋಹರ್ಟ್ಸ್ ಅಂತರವಿರುತ್ತದೆ. ಕೆಟ್ಟ ತರಂಗ ಈ ಎಲ್ಲೆಯನ್ನು ದಾಟಿ ನೆರೆಯ ಚಾನೆಲುಗಳಲ್ಲಿ ಮಾತನಾಡುವವರ ಮೇಲೆ ಬೀಳುತ್ತದೆ.

ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಅಶುದ್ಧವಾದ ತರಂಗದೊಡನೆ ಅದರ ಇಮ್ಮಡಿ, ಮುಮ್ಮಡಿ ಆವೃತ್ತಿಯ ತರಂಗಗಳೂ ಹೊರಡುತ್ತವೆ. 27 ಮೆಗಾಹರ್ಟ್ಸಿನ ಇಮ್ಮಡಿ 54 ಮೆಗಾಹರ್ಟ್ಸ್. ಅಮೆರಿಕದಲ್ಲಿ 54ರಿಂದ 60 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ದೂರದರ್ಶನದ 2ನೆಯ ಚಾನೆಲಿಗೆ ಕೊಡಲಾಗಿತ್ತು. ಆದಕಾರಣ 1970ರ ದಶಕದಲ್ಲಿ ಒಬ್ಬನು ಸಿ.ಬಿ.ಯಲ್ಲಿ ಮಾತನಾಡಿದರೆ ನೆರೆಮನೆಯ ದೂರದರ್ಶನದ ಚಿತ್ರ ಕದಡಿಹೋಗುವುದು ಅಲ್ಲಿ ಸಾಮಾನ್ಯವಾದ ದೂರಾಗಿತ್ತು. 1978ರಲ್ಲಿ ಕಮಿಷನ್ನು ಈ ತರಂಗಗಳಲ್ಲಿ ಕೆಲಸ ಮಾಡುವ ವರ್ಧಕಗಳ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಿತು. ಪೆಟ್ಟಿಗೆಯ ಒಳಭಾಗವನ್ನು ಬಳಕೆದಾರನು ಮಾರ್ಪಡಿಸುವುದನ್ನೂ ಅಲ್ಲಿನ ನಿಯಮ ಒಪ್ಪುವುದಿಲ್ಲ.

ಪ್ರಕೃತಿಯೂ ಕೆಲವೊಮ್ಮೆ ಈ ಗದ್ದಲಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಏರಿದ ವರ್ಷಗಳಲ್ಲಿ ವಾಯುಮಂಡಲದ ಮೇಲ್ಭಾಗದಲ್ಲಿರುವ ಅಯಾನುಗೋಳವು 27 ಮೆಗಾಹರ್ಟ್ಸ್ ತರಂಗಗಳನ್ನು ಬಾಗಿಸಿ ಮರಳಿ ನೆಲಕ್ಕೆ ಕಳುಹಿಸುತ್ತದೆ. ಆಗ 4 ವಾಟಿನ ದನಿಯೂ ಸಾವಿರಾರು ಕಿಲೋಮೀಟರು ದಾಟಿ ಕೇಳಿಬರುವುದುಂಟು. ದೂರದೂರದ ದನಿಗಳೆಲ್ಲ ಒಂದೆಡೆ ಬಂದು ಬಿದ್ದಾಗ ಹತ್ತಿರದ ದನಿ ಅವುಗಳ ನಡುವೆ ಮುಳುಗುತ್ತದೆ. ಇಂಥ ಸಮಯದಲ್ಲಿ ನೂರಾರು ವಾಟುಗಳ ಅಬ್ಬರ ಎಷ್ಟು ದೂರದವರಿಗೆ ತೊಂದರೆ ಕೊಡಬಲ್ಲುದು ಎಂಬುದನ್ನು ಊಹಿಸಬಹುದು.

ಈ ತೊಂದರೆಯನ್ನು ಬರಿಯ ಕಿರಿಕಿರಿಯೆಂದು ತಳ್ಳಿಹಾಕುವಂತಿಲ್ಲ. ಸಿ.ಬಿ.ಯ 9ನೆಯ ಚಾನೆಲನ್ನು ಅಪಘಾತ, ಬೆಂಕಿ, ರೋಗ ಮೊದಲಾದ ತುರ್ತು ಸಂದರ್ಭಗಳಿಗೂ ದಾರಿಹೋಕರ ನೆರವಿಗೂ ಮೀಸಲಿಡಲಾಗಿದೆ. 1962ರಲ್ಲಿ ಸ್ಥಾಪಿತವಾದ 'ರಿಯಾಕ್ಟ್' ಎಂಬ ಸಂಸ್ಥೆಯ ಸ್ವಯಂಸೇವಕರು ತಮ್ಮ ತಮ್ಮ ಊರುಗಳಲ್ಲಿ ಕುಳಿತು ಇಂಥ ಕರೆಗಳಿಗೆ ಕಿವಿಗೊಟ್ಟು, ಪೊಲೀಸರಿಗೂ ಆಸ್ಪತ್ರೆಗಳಿಗೂ ಸುದ್ದಿ ಮುಟ್ಟಿಸುವ ಕೆಲಸವನ್ನು ಕೈಗೊಂಡರು. ಕಣಿವೆಯೊಂದಕ್ಕೆ ಉರುಳಿದ ವಾಹನವನ್ನು ಕಲ್ಪಿಸಿಕೊಳ್ಳಿರಿ. ಅದರ ಆಂಟೆನಾ ಬಾಗಿದೆ, ಬ್ಯಾಟರಿ ಕುಂದುತ್ತಿದೆ. ಗಾಯಗೊಂಡವನು ಗುಂಡಿಯನ್ನು ಒತ್ತಿ ನೆರವಿಗಾಗಿ ಕರೆಯುತ್ತಾನೆ. ಆ ಕರೆಯ ಶಕ್ತಿ ಒಂದು ವಾಟೂ ಇರಲಾರದು. ಹಾಗಿದ್ದರೂ ಚಾನೆಲು ನಿಶ್ಶಬ್ದವಾಗಿದ್ದರೆ ಅದು ಯಾರದಾದರೂ ಕಿವಿಗೆ ಬೀಳುತ್ತದೆ. ಅದೇ ಕ್ಷಣದಲ್ಲಿ ಎಲ್ಲಿಯೋ ಒಬ್ಬನು 400 ವಾಟಿನ ಅಶುದ್ಧ ತರಂಗದಲ್ಲಿ ಹರಟೆ ಕೊಚ್ಚುತ್ತಿದ್ದರೆ ಆ ಕರೆ ಅಡಗಿಹೋಗುತ್ತದೆ. ತಾನು ಯಾರ ದನಿಯನ್ನು ಅಡಗಿಸಿದೆ ಎಂಬುದು ಹರಟುವವನಿಗೆ ಎಂದಿಗೂ ತಿಳಿಯುವುದಿಲ್ಲ.

ಭಾರತದಲ್ಲಿಯೂ 2005ರ ನಿಯಮಗಳು 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ನೀಡಿದುವು. ಇಲ್ಲಿಯೂ ಶಕ್ತಿಗೆ 5 ವಾಟಿನ ಮಿತಿಯುಂಟು. ರೇಡಿಯೋವನ್ನು ಬಿಚ್ಚಿ, ಕಟ್ಟಿ, ಮಾರ್ಪಡಿಸಿ ನೋಡಬೇಕೆಂಬ ಹಂಬಲವುಳ್ಳವರಿಗೆ ನ್ಯಾಯವಾದ ಮಾರ್ಗವೊಂದಿದೆ. ಅದು ಹವ್ಯಾಸಿ ರೇಡಿಯೋ. ಜನರು ಅದನ್ನು ಹ್ಯಾಮ್ ರೇಡಿಯೋ ಎನ್ನುತ್ತಾರೆ. 1978ರ ಭಾರತೀಯ ನಿಯಮಗಳ ಪ್ರಕಾರ 12 ವರ್ಷ ತುಂಬಿದವರು ಅದರ ಪರೀಕ್ಷೆಗೆ ಕುಳಿತುಕೊಳ್ಳಬಹುದು. ವಿದ್ಯುತ್ತು, ತರಂಗ, ಆಂಟೆನಾಗಳ ವಿಷಯವನ್ನೂ ರೇಡಿಯೋ ನಿಯಮಗಳನ್ನೂ ಓದಿ ತೇರ್ಗಡೆಯಾದವರಿಗೆ ಲೈಸೆನ್ಸು ದೊರೆಯುತ್ತದೆ. ಶಕ್ತಿಯನ್ನು ಕೈಗೆ ಕೊಡುವ ಮೊದಲು ಅದರ ಬಳಕೆಯನ್ನು ಕಲಿಸುವುದು ಈ ಪರೀಕ್ಷೆಯ ಉದ್ದೇಶ.

ಮೊಬೈಲ್ ಫೋನು ಬಂದ ಮೇಲೆ ಅಮೆರಿಕದಲ್ಲಿ ಸಿ.ಬಿ. ರೇಡಿಯೋದ ಹಿಂದಿನ ಸಡಗರ ತಗ್ಗಿದೆ. ಆದರೂ ಫೋನಿನ ಗೋಪುರಗಳಿಲ್ಲದ ಮರುಭೂಮಿಗಳಲ್ಲಿ, ಬೆಟ್ಟದ ದಾರಿಗಳಲ್ಲಿ ಲಾರಿ ಚಾಲಕರು ಇಂದಿಗೂ ಅದನ್ನು ಬಳಸುತ್ತಾರೆ. ಕೆರೆಯ ನೀರಿನಂತೆ, ಊರಿನ ದಾರಿಯಂತೆ ಆಕಾಶದ ತರಂಗಗಳೂ ಎಲ್ಲರಿಗೆ ಸೇರಿದ ಸ್ವತ್ತು. ಒಂದು ಚಾನೆಲಿನಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಲು ಸಾಧ್ಯ, ಉಳಿದವರು ಕೇಳಬೇಕು. ಆಂಟೆನಾವನ್ನು ಮಿಲಿಮೀಟರು ಮಿಲಿಮೀಟರಾಗಿ ಹೊಂದಿಸಿಕೊಂಡು, ಗುಂಡಿ ಒತ್ತುವ ಮೊದಲು ಕ್ಷಣಕಾಲ ಕಿವಿಗೊಡುವ ಚಾಲಕನಿಗೆ 4 ವಾಟು ಸಾಲುತ್ತದೆ. ಹಿಮ ಬಿದ್ದ ಕಣಿವೆಯಿಂದ ಬರುವ ಕ್ಷೀಣವಾದ ಕರೆ ಅವನ ಕಿವಿಯನ್ನು ತಪ್ಪದೆ ಮುಟ್ಟುತ್ತದೆ.